ಡೇಟಾಬೇಸ್ ಕೈಕೊಟ್ಟಾಗ: ಅಂಗಡಿ, ಆಫೀಸಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಸಣ್ಣ ಆಫೀಸುಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಮೀನಿನ ಏಜೆಂಟರು, ಸೊಸೈಟಿಗಳು, ಕ್ಲಿನಿಕ್, ಗೇರುಬೀಜದ ಫ್ಯಾಕ್ಟರಿ, ಹೀಗೆ. ಹೆಚ್ಚಿನ ಕಡೆ ಇರುವುದು ಮೈಎಸ್‌ಕ್ಯೂಎಲ್, ಇಲ್ಲವೇ ಪೋಸ್ಟ್‌ಗ್ರೆಸ್. ಫೋನಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಆಜ್ಞೆಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು, ಗೊತ್ತಲ್ಲ.

ವೇರ್ ಹಾಕದೆ ಅಪ್‌ಡೇಟ್ ಹೊಡೆದುಬಿಟ್ಟೆ. ಹಳೆಯದು ವಾಪಸ್ ಸಿಗುತ್ತದಾ?

ಸಿಗಬಹುದು. ಯಾವ ಸಾಲು ಅಂತ ಹೇಳುವ ಷರತ್ತೇ ವೇರ್, ಅದಿಲ್ಲದಿದ್ದರೆ ಅಪ್‌ಡೇಟ್ ಟೇಬಲಿನ ಎಲ್ಲ ಸಾಲನ್ನೂ ಬದಲಿಸುತ್ತದೆ. ಮೊದಲು ಕೀಬೋರ್ಡಿನಿಂದ ಕೈ ತೆಗೆಯಿರಿ. ವಿಂಡೋ ಮುಚ್ಚಬೇಡಿ. ಇನ್ನೊಂದು ಕ್ವೆರಿ (ಡೇಟಾಬೇಸಿಗೆ ಕೊಡುವ ಆಜ್ಞೆ) ಹೊಡೆದು ಸರಿಮಾಡುತ್ತೇನೆ ಅಂತ ಹೊರಡಬೇಡಿ. ಟ್ರಾನ್ಸಾಕ್ಷನ್ (ಬಿಗಿನ್‌ನಿಂದ ಕಮಿಟ್ ತನಕದ ಕೆಲಸ) ಇನ್ನೂ ತೆರೆದಿದ್ದರೆ, ಮಾಡಿದ್ದನ್ನು ರದ್ದು ಮಾಡುವ ರೋಲ್‌ಬ್ಯಾಕ್ ಕೊಟ್ಟರೆ ಮುಗಿಯಿತು. ತೊಂದರೆ ಏನೆಂದರೆ, ನೀವಾಗಿ ಬಿಗಿನ್ ಅಂತ ಶುರು ಮಾಡದಿದ್ದರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಪ್ರತಿ ಆಜ್ಞೆ ಆಗಿಂದಾಗಲೇ ಕಮಿಟ್, ಅಂದರೆ ಖಾಯಂ, ಆಗಿಬಿಡುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ಒಂದು ಸೊಸೈಟಿಯಲ್ಲಿ ಒಬ್ಬರೇ ಒಬ್ಬ ಸದಸ್ಯರ ಊರು ತಿದ್ದಬೇಕಿತ್ತು. ಅಪ್‌ಡೇಟ್ ಒಂದು ಸಾಲಿನಲ್ಲಿ, ವೇರ್ ಅದರ ಕೆಳಗಿನ ಸಾಲಿನಲ್ಲಿ. ಮೌಸಿನಲ್ಲಿ ಮೇಲಿನ ಸಾಲು ಮಾತ್ರ ಸೆಲೆಕ್ಟ್ ಆಗಿತ್ತು. ನೋಡಲಿಲ್ಲ, ರನ್ ಒತ್ತಿದೆ. ಕೆಳಗೆ 4,212 ಸಾಲು ಬದಲಾಗಿದೆ ಅಂತ ಬಂತು. ಬ್ರಹ್ಮಾವರದವರು, ಕಾರ್ಕಳದವರು, ಸುಳ್ಯದವರು, ಎಲ್ಲರೂ ಒಂದೇ ಏಟಿಗೆ ಕಾಪುವಿನವರಾದರು.

ಉಳಿಸಿದ್ದು ಹಿಂದಿನ ರಾತ್ರಿಯ ಬ್ಯಾಕಪ್. ಅದನ್ನು ನಡೆಯುತ್ತಿರುವ ಡೇಟಾಬೇಸಿನ ಮೇಲೆ ಸುರಿಯಲಿಲ್ಲ. ಸುರಿದಿದ್ದರೆ ಬೆಳಗ್ಗಿನಿಂದ ಜನ ಕಟ್ಟಿದ ಕಂತುಗಳೆಲ್ಲ ಹೋಗುತ್ತಿದ್ದವು. 'ಹಳೆಯದು' ಅಂತ ಬೇರೊಂದು ಡೇಟಾಬೇಸ್ ಮಾಡಿ, ಬ್ಯಾಕಪನ್ನು ಅಲ್ಲಿಗೆ ತಂದು, ಊರಿನ ಕಾಲಮ್ ಒಂದನ್ನೇ ವಾಪಸ್ ತುಂಬಿದೆ:

ಅಪ್‌ಡೇಟ್ ಸದಸ್ಯ ಸ ಜಾಯಿನ್ ಹಳೆಯದು.ಸದಸ್ಯ ಹ ಆನ್ ಹ.ಐಡಿ = ಸ.ಐಡಿ ಸೆಟ್ ಸ.ಊರು = ಹ.ಊರು;

ಇದು ಮೈಎಸ್‌ಕ್ಯೂಎಲ್ ಶೈಲಿ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಡೇಟಾಬೇಸಿನ ನಡುವೆ ನೇರ ಜಾಯಿನ್ (ಟೇಬಲ್‌ಗಳ ಜೋಡಣೆ) ಆಗುವುದಿಲ್ಲ. ಹಳೆ ಟೇಬಲನ್ನು ಬೇರೆ ಹೆಸರಿನಲ್ಲಿ ಇದೇ ಡೇಟಾಬೇಸಿಗೆ ತಂದುಕೊಳ್ಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬೈನರಿ ಲಾಗ್ (ಆದ ಬದಲಾವಣೆಗಳನ್ನೆಲ್ಲ ಬರೆದಿಡುವ ಫೈಲು) ಆನ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯ ಬ್ಯಾಕಪ್ ಹಾಕಿ, ಅದರ ಮೇಲೆ ತಪ್ಪು ನಡೆದ ಹಿಂದಿನ ಕ್ಷಣದ ತನಕ ಲಾಗ್ ಓಡಿಸಬಹುದು.

ಟೇಬಲ್ ಖಾಲಿ ಮಾಡುವ ಟ್ರಂಕೇಟ್, ಟೇಬಲನ್ನೇ ಅಳಿಸುವ ಡ್ರಾಪ್ ಟೇಬಲ್ ಮಾತ್ರ ಬೇರೆ ಜಾತಿ. ಮೈಎಸ್‌ಕ್ಯೂಎಲ್‌ನಲ್ಲಿ ಮೊದಲೇ ಬಿಗಿನ್ ಅಂದಿದ್ದರೂ ಅವು ರೋಲ್‌ಬ್ಯಾಕ್ ಆಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆಗುತ್ತವೆ.

ಇನ್ನೊಮ್ಮೆ ಹಾಗಾಗದ ಹಾಗೆ ಏನು ಮಾಡಬೇಕು?

ಮುಟ್ಟುವ ಮೊದಲು ಎಣಿಸಿ. ಅಪ್‌ಡೇಟಿಗೋ ಡಿಲೀಟಿಗೋ ಹಾಕಬೇಕೆಂದಿರುವ ಅದೇ ವೇರ್ ಹಾಕಿ ಮೊದಲು ಸೆಲೆಕ್ಟ್ ಕೌಂಟ್(*) ಓಡಿಸಿ. ಎಷ್ಟು ಬರಬೇಕು ಅಂತ ಓಡಿಸುವ ಮೊದಲೇ ಮನಸ್ಸಿನಲ್ಲಿ ಒಂದು ಅಂದಾಜು ಇರಲಿ. ಒಂದು ಅಂದುಕೊಂಡಲ್ಲಿ ನಾಲ್ಕು ಸಾವಿರ ಬಂದರೆ ಅಲ್ಲೇ ನಿಲ್ಲಿ. ಆಮೇಲೆ ಬಿಗಿನ್, ಅಪ್‌ಡೇಟ್, ಬಂದ ಸಂಖ್ಯೆ ನೋಡಿ ಕಮಿಟ್. ವೇರನ್ನು ಮೊದಲು ಬರೆದು ಅಪ್‌ಡೇಟ್ ಅನ್ನುವ ಪದವನ್ನು ಕೊನೆಗೆ ಬರೆಯುವುದು ನನ್ನ ಅಭ್ಯಾಸ. ನೋಡುವವರಿಗೆ ವಿಚಿತ್ರ ಕಾಣುತ್ತದೆ, ಕಾಣಲಿ.

ಮೈಎಸ್‌ಕ್ಯೂಎಲ್‌ನಲ್ಲಿ ಸೇಫ್ ಅಪ್‌ಡೇಟ್ಸ್ ಅನ್ನುವ ಆಯ್ಕೆ ಇದೆ. ಕೀ ಕಾಲಮ್ ಇರುವ ವೇರ್ ಅಥವಾ ಲಿಮಿಟ್ ಇಲ್ಲದ ಅಪ್‌ಡೇಟ್, ಡಿಲೀಟನ್ನು ಅದು ಒಪ್ಪುವುದೇ ಇಲ್ಲ. ಇದಕ್ಕೆ 'ಐ ಆಮ್ ಎ ಡಮ್ಮಿ' ಅಂತ ಇನ್ನೊಂದು ಹೆಸರನ್ನೂ ಅವರೇ ಇಟ್ಟಿದ್ದಾರೆ. ನಾನು ನಾಚಿಕೆ ಬಿಟ್ಟು ಆನ್ ಮಾಡಿಟ್ಟಿದ್ದೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಸಾಫ್ಟ್‌ವೇರ್ ನಿಂತುಬಿಡುತ್ತದೆ. ಎರಡು ಗಂಟೆಗೆ ತಾನೇ ಸರಿಯಾಗುತ್ತದೆ. ಏನಿದು?

ಯಾರೋ ಬಿಗಿನ್ ಹಾಕಿ, ಅಪ್‌ಡೇಟ್ ಮಾಡಿ, ಕಮಿಟ್ ಮಾಡದೆ ಊಟಕ್ಕೆ ಹೋಗಿದ್ದಾರೆ. ಅವರು ಮುಟ್ಟಿದ ಸಾಲುಗಳಿಗೆಲ್ಲ ಬೀಗ ಬಿದ್ದಿರುತ್ತದೆ, ಉಳಿದವರು ಕಾಯುತ್ತಾರೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ 50 ಸೆಕೆಂಡ್ ಕಾಯಿಸಿ 1205 ಅಂತ ಎರರ್ ಕೊಡುತ್ತದೆ. ಪೋಸ್ಟ್‌ಗ್ರೆಸ್ ನೀವು ಮಿತಿ ಹಾಕದಿದ್ದರೆ ಕಾಯುತ್ತಲೇ ಇರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಶೋ ಪ್ರೊಸೆಸ್‌ಲಿಸ್ಟ್, ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಾದರೆ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಅರ್ಧ ಗಂಟೆಯಿಂದ ಕೂತಿರುವವನೇ ಕಾರಣ. ಅವರಿಗೆ ಫೋನ್ ಮಾಡಿ. ಎತ್ತದಿದ್ದರೆ ಆ ಕನೆಕ್ಷನ್ ಕಿಲ್ ಮಾಡಿ. ಮಾಡಿದರೆ ಅವರ ಕೆಲಸ ರೋಲ್‌ಬ್ಯಾಕ್ ಆಗುತ್ತದೆ ಅನ್ನುವುದು ನೆನಪಿರಲಿ.

ಡೆಡ್‌ಲಾಕ್ ಬೇರೆ. ಒಬ್ಬನ ಕೈಯಲ್ಲಿ ತಕ್ಕಡಿ, ಇನ್ನೊಬ್ಬನ ಕೈಯಲ್ಲಿ ತೂಕದ ಬಟ್ಟು, ಇಬ್ಬರೂ 'ಮೊದಲು ನಿನ್ನದು ಕೊಡು' ಅಂತ ನಿಂತ ಹಾಗೆ. ಅದನ್ನು ಡೇಟಾಬೇಸೇ ಕಂಡುಹಿಡಿದು ಒಬ್ಬನನ್ನು ಹೊರಹಾಕುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದರ ನಂಬರ್ 1213. ಪ್ರೋಗ್ರಾಮ್ ಸುಮ್ನೆ ಇನ್ನೊಮ್ಮೆ ಪ್ರಯತ್ನಿಸಬೇಕು, ಅಷ್ಟೇ. ಎಲ್ಲ ಕಡೆ ಟೇಬಲ್‌ಗಳನ್ನು ಒಂದೇ ಕ್ರಮದಲ್ಲಿ ಮುಟ್ಟಿದರೆ ಇದು ತೀರಾ ಕಡಿಮೆಯಾಗುತ್ತದೆ.

ಬೋಟಿನ ತಿಂಗಳವಾರು ವರದಿಯಲ್ಲಿ ಜೂನ್, ಜುಲೈ ಕಾಣುವುದೇ ಇಲ್ಲ. ಸೊನ್ನೆ ಅಂತಲಾದರೂ ಬರಬೇಕಲ್ವಾ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟು ಕಡಲಿಗೆ ಇಳಿಯದಿದ್ದರೆ ಟೇಬಲಿನಲ್ಲಿ ಸಾಲೂ ಇರುವುದಿಲ್ಲ. ಗ್ರೂಪ್ ಬೈ ಇದ್ದದ್ದನ್ನು ಗುಂಪು ಮಾಡುತ್ತದೆ, ಇಲ್ಲದ ತಿಂಗಳನ್ನು ಅದು ಎಲ್ಲಿಂದ ತರಬೇಕು? ಹನ್ನೆರಡು ಸಾಲಿನ ಒಂದು ತಿಂಗಳ ಟೇಬಲ್ ಮಾಡಿ. ಅದನ್ನು ಎಡಕ್ಕೆ ಇಟ್ಟು ಹಿಡಿದ ಮೀನಿನ ಟೇಬಲಿಗೆ ಲೆಫ್ಟ್ ಜಾಯಿನ್ (ಎಡಗಡೆಯ ಸಾಲು ಒಂದನ್ನೂ ಬಿಡದ ಜೋಡಣೆ) ಮಾಡಿ, ಮೊತ್ತಕ್ಕೆ ಕೋಆಲೆಸ್(ಸಮ್(ಕಿಲೋ), 0) ಹಾಕಿ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. 'ಬೋಟು ನಂಬರ್ 7 ಮಾತ್ರ' ಅನ್ನುವ ಷರತ್ತನ್ನು ವೇರಿನಲ್ಲಿ ಹಾಕುತ್ತಾರೆ. ಜೂನ್ ಸಾಲಿನಲ್ಲಿ ಬೋಟು ನಂಬರ್ ನಲ್, ಅಂದರೆ 'ಗೊತ್ತಿಲ್ಲ'. ನಲ್ ಏಳಕ್ಕೆ ಸಮ ಅಲ್ಲ, ಆ ಸಾಲು ಉದುರಿಹೋಗುತ್ತದೆ. ಹೆಸರಿಗೆ ಲೆಫ್ಟ್ ಜಾಯಿನ್, ಕೆಲಸದಲ್ಲಿ ಎರಡೂ ಕಡೆ ಇದ್ದದ್ದನ್ನು ಮಾತ್ರ ಕೊಡುವ ಇನ್ನರ್ ಜಾಯಿನ್. ಬಲಗಡೆಯ ಟೇಬಲಿನ ಷರತ್ತು ಆನ್ ಭಾಗದಲ್ಲಿ ಇರಬೇಕು.

ಜಾಯಿನ್ ಮಾಡಿದ ಮೇಲೆ ಮೊತ್ತ ಜಾಸ್ತಿ ತೋರಿಸುತ್ತಿದೆ.

ಒಂದು ಬಿಲ್ಲಿಗೆ ಮೂರು ಐಟಂ, ಎರಡು ಪಾವತಿ ಅಂದುಕೊಳ್ಳಿ. ಬಿಲ್, ಐಟಂ, ಪಾವತಿ ಮೂರನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ 3 × 2 = 6 ಸಾಲು. ಪ್ರತಿ ಪಾವತಿಯೂ ಮೂರು ಸಲ ಎಣಿಕೆಯಾಗುತ್ತದೆ. ಐಟಂಗಳ ಮೊತ್ತವನ್ನು ಒಂದು ಸಬ್‌ಕ್ವೆರಿಯಲ್ಲಿ, ಪಾವತಿಯ ಮೊತ್ತವನ್ನು ಇನ್ನೊಂದರಲ್ಲಿ ಬಿಲ್ಲುವಾರು ಮೊದಲೇ ಕೂಡಿಸಿ ಆಮೇಲೆ ಜಾಯಿನ್ ಮಾಡಿ. ಡಿಸ್ಟಿಂಕ್ಟ್ ಹಾಕಿ ತೇಪೆ ಹಚ್ಚಬೇಡಿ. ಗಿರಾಕಿ 500, 500 ಅಂತ ಎರಡು ಸಲ ಕೊಟ್ಟಿದ್ದರೆ ಒಂದು 500 ಮಾಯವಾಗುತ್ತದೆ, ಆಮೇಲೆ ಜಗಳ ಕೌಂಟರಿನಲ್ಲಿ.

ಫೋನ್ ನಂಬರ್ ಕೊಡದವರನ್ನು ಹುಡುಕಿದರೆ ಒಬ್ಬರೂ ಬರುವುದಿಲ್ಲ.

'= ನಲ್' ಅಂತ ಬರೆದಿರುತ್ತೀರಿ. 'ಇಸ್ ನಲ್' ಅನ್ನಬೇಕು. ನಲ್ ಅಂದರೆ ಸೊನ್ನೆಯೂ ಅಲ್ಲ, ಖಾಲಿ ಜಾಗವೂ ಅಲ್ಲ, 'ಗೊತ್ತಿಲ್ಲ' ಅಂತ. ಗೊತ್ತಿಲ್ಲದ್ದು ಇನ್ನೊಂದು ಗೊತ್ತಿಲ್ಲದ್ದಕ್ಕೆ ಸಮವೋ ಅಂತ ಕೇಳಿದರೆ ಉತ್ತರವೂ ಗೊತ್ತಿಲ್ಲ ಅಂತಲೇ. ಇದೇ ಕಾರಣಕ್ಕೆ ನಾಟ್ ಇನ್ ಪಟ್ಟಿಯಲ್ಲಿ ಒಂದೇ ಒಂದು ನಲ್ ನುಸುಳಿದರೂ ಇಡೀ ಕ್ವೆರಿ ಖಾಲಿ ಬರುತ್ತದೆ. ಅಲ್ಲಿ ನಾಟ್ ಎಕ್ಸಿಸ್ಟ್ಸ್ ಬಳಸಿ. ಕೌಂಟ್(ಫೋನ್) ಕೂಡ ನಲ್‌ಗಳನ್ನು ಬಿಟ್ಟು ಎಣಿಸುತ್ತದೆ, ಕೌಂಟ್(*) ಎಲ್ಲವನ್ನೂ ಎಣಿಸುತ್ತದೆ.

ಕನ್ನಡದಲ್ಲಿ ಹೆಸರು ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಡೇಟಾ ಹೋಯಿತಾ?

ನೋಡಿ ಹೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾಲಮಿಗೆ ಹೆಕ್ಸ್ ಫಂಕ್ಷನ್ ಹಾಕಿ. 3ಎಫ್3ಎಫ್3ಎಫ್ ಅಂತ ಬಂದರೆ ನಿಜವಾಗಿಯೂ ಪ್ರಶ್ನಾರ್ಥಕವೇ ಒಳಗೆ ಹೋಗಿ ಕೂತಿದೆ, ಮೂಲ ಅಕ್ಷರ ಸಿಗುವುದಿಲ್ಲ. ಇ0ಬಿ2, ಇ0ಬಿ3 ಅಂತ ಶುರುವಾಗುವ ತುಂಡುಗಳು ಕಂಡರೆ ಕನ್ನಡ ಭದ್ರವಾಗಿದೆ, ತೋರಿಸುವ ಕನೆಕ್ಷನ್ ಮಾತ್ರ ತಪ್ಪು. ಟೇಬಲ್, ಕನೆಕ್ಷನ್ ಎರಡೂ ಕಡೆ ಯುಟಿಎಫ್8ಎಂಬಿ4, ಬ್ರೌಸರ್ ಪುಟದಲ್ಲಿ ಯುಟಿಎಫ್-8 ಇರಬೇಕು. ಮೈಎಸ್‌ಕ್ಯೂಎಲ್‌ನ ಹಳೆ 'ಯುಟಿಎಫ್8' ಮೂರು ಬೈಟಿನದು. ಕನ್ನಡದ ಪ್ರತಿ ಚಿಹ್ನೆಗೂ ಮೂರೇ ಬೈಟು ಸಾಕಾದ್ದರಿಂದ ಕನ್ನಡ ಹಿಡಿಸುತ್ತದೆ. ಗಿರಾಕಿ ಒಂದು ಇಮೋಜಿ ಕಳಿಸಿದ ದಿನ ಕೈಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಕಾಲಮನ್ನು ಎನ್‌ವಾರ್‌ಚಾರ್ ಮಾಡಿ, ಕನ್ನಡ ಪದದ ಉದ್ಧರಣ ಚಿಹ್ನೆಯ ಮೊದಲು ಎನ್ ಅಕ್ಷರ ಹಾಕುವುದನ್ನು ಮರೆಯಬಾರದು.

ಇನ್ನೊಂದು ಮಾತು. 'ಮಂಗಳೂರು' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7 ಚಿಹ್ನೆ, 21 ಬೈಟು. ಕಾಲಮಿನ ಉದ್ದ ಕೊಡುವಾಗ ಕೈ ಸ್ವಲ್ಪ ಧಾರಾಳವಾಗಿರಲಿ.

ಹಳೆ ನುಡಿ, ಬರಹ ಫಾಂಟಿನಲ್ಲಿ ತುಂಬಿಸಿದ ಡೇಟಾ ಇದ್ದರೆ ಅದು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಯೂನಿಕೋಡಿಗೆ ಪರಿವರ್ತಿಸದೆ ಅದನ್ನು ಹುಡುಕಲೂ ಆಗುವುದಿಲ್ಲ, ಅಕ್ಷರ ಕ್ರಮದಲ್ಲಿ ಜೋಡಿಸಲೂ ಆಗುವುದಿಲ್ಲ.

'ಕೋಟ' ಅಂತ ಹುಡುಕಿದರೆ ಅರ್ಧ ಜನ ಮಾತ್ರ ಬರುತ್ತಾರೆ. ಉಳಿದವರದ್ದೂ ನೋಡಲು ಹಾಗೇ ಇದೆ!

ನೋಡಲು ಹಾಗೇ ಇರುತ್ತದೆ, ಒಳಗೆ ಬೇರೆ. ಓ ಸ್ವರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ತುಂಡಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಯಾವ ಕೀಬೋರ್ಡಿನಲ್ಲಿ ಟೈಪ್ ಮಾಡಿದರು ಅನ್ನುವುದರ ಮೇಲೆ ಹೋಗುತ್ತದೆ. ಕಣ್ಣಿಗೆ ಎರಡೂ ಒಂದೇ ಕೋಟ, ಪೋಸ್ಟ್‌ಗ್ರೆಸ್ಸಿಗೆ ಎರಡು ಊರು. ಒಳಗೆ ಬರುವಾಗಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ತುಂಡಿನ ರೂಪಕ್ಕೆ, ತಂದುಬಿಡಿ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ನೇ ಇದೆ. 'ರಾಜ್‌ಕುಮಾರ್' ತರಹದ ಹೆಸರಿನ ನಡುವೆ ಕಾಣದೆ ಕೂರುವ ಝಡ್‌ಡಬ್ಲ್ಯುಎನ್‌ಜೆ ಕೂಡ ಇದೇ ಆಟ ಆಡುತ್ತದೆ. ಕೆಲವರು ಹಾಕಿರುತ್ತಾರೆ, ಕೆಲವರು ಇಲ್ಲ. ಹುಡುಕಲಿಕ್ಕೆ ಅಂತಲೇ, ಅದನ್ನು ತೆಗೆದ ಒಂದು ಕಾಲಮ್ ಬೇರೆ ಇಟ್ಟುಕೊಳ್ಳಿ.

ಊರಿನ ಹೆಸರನ್ನು ಬಾಯಿಗೆ ಬಂದಂತೆ ಟೈಪ್ ಮಾಡಲು ಬಿಡುವುದೇ ಮೂಲ ತಪ್ಪು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಅಂತಲೇ ಅಧಿಕೃತ. ಆದರೂ ಹಳೆ ಟೇಬಲಿನಲ್ಲಿ ಮ್ಯಾಂಗಲೋರ್ ಇರುತ್ತದೆ, ಹೊಸದರಲ್ಲಿ ಮಂಗಳೂರು, ಉತ್ಸಾಹಿಯೊಬ್ಬ ಕುಡ್ಲ ಅಂತಲೂ ಹಾಕಿರುತ್ತಾನೆ. ಗ್ರೂಪ್ ಬೈ ಮಾಡಿದರೆ ಮೂರು ಊರು. ಊರಿಗೆ ಬೇರೆ ಟೇಬಲ್, ಅದಕ್ಕೊಂದು ಐಡಿ, ಆ ಪಟ್ಟಿಯಲ್ಲಿ ಇಲ್ಲದ ಊರನ್ನು ಒಪ್ಪದ ಫಾರಿನ್ ಕೀ.

0824 ಇದ್ದ ಫೋನ್ ನಂಬರೆಲ್ಲ 824 ಆಗಿದೆ.

ಎಕ್ಸೆಲ್ ಮೂಲಕ ಬಂದಿದೆ, ಅಥವಾ ಕಾಲಮ್ ಇಂಟಿಜರ್ ಆಗಿದೆ. ಕೂಡಿಸುವ, ಕಳೆಯುವ ಕೆಲಸ ಇಲ್ಲದ ನಂಬರ್ ಯಾವುದೇ ಇರಲಿ, ಅದನ್ನು ಅಕ್ಷರವಾಗಿಯೇ ಇಡಿ. ಫೋನ್, ಪಿನ್‌ಕೋಡ್, ಖಾತೆ ನಂಬರ್ ಎಲ್ಲವೂ. ಹಣಕ್ಕೆ ಮಾತ್ರ ಡೆಸಿಮಲ್(12,2). ಫ್ಲೋಟ್ ಹಾಕಿದರೆ ವರ್ಷದ ಕೊನೆಗೆ ಪೈಸೆ ತಾಳೆಯಾಗುವುದಿಲ್ಲ.

ಇಂಡೆಕ್ಸ್ ಹಾಕಿದ್ದೇನೆ, ಆದರೂ ಸ್ಲೋ.

ಇಂಡೆಕ್ಸ್ ಅಂದರೆ ಬೇಗ ಹುಡುಕಲು ಜೋಡಿಸಿಟ್ಟ ಸೂಚಿ. ಹಾಕಿದರೆ ಸಾಲದು, ಬಳಕೆಯಾಗುತ್ತಿದೆಯೇ ನೋಡಬೇಕು. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅಂತ ಹಾಕಿ ಓಡಿಸಿ. ಒಬ್ಬ ಗಿರಾಕಿಯನ್ನು ಹುಡುಕಲು ಎರಡು ಲಕ್ಷ ಸಾಲು ಓದುತ್ತಿದ್ದರೆ ಇಂಡೆಕ್ಸ್ ಸುಮ್ನೆ ಕೂತಿದೆ ಅಂತ ಅರ್ಥ.

ನಾನು ಜಾಸ್ತಿ ಕಂಡದ್ದು ಮೂರು ಕಾರಣ. ಒಂದು, ಕಾಲಮಿಗೆ ಫಂಕ್ಷನ್ ಸುತ್ತುವುದು. 'ಇಯರ್(ದಿನಾಂಕ) = 2025' ಬದಲು 'ದಿನಾಂಕ >= '2025-01-01' ಆಂಡ್ ದಿನಾಂಕ < '2026-01-01'' ಅಂತ ಬರೆಯಿರಿ. ಎರಡು, ಲೈಕ್ '%ಶೆಟ್ಟಿ'. ಕೊನೆಯ ಹೆಸರು ಮಾತ್ರ ಗೊತ್ತು ಅಂತ ಡೈರೆಕ್ಟರಿಯಲ್ಲಿ ಹುಡುಕಿದ ಹಾಗೆ ಅದು, ಮೊದಲ ಪುಟದಿಂದ ಓದದೆ ಗತಿಯಿಲ್ಲ. ಅದರಲ್ಲೂ ನಮ್ಮೂರಿನಲ್ಲಿ ಶೆಟ್ಟಿ ಅಂತ ಹುಡುಕಿದರೆ ಸಿಕ್ಕಿದರೂ ಏನು ಪ್ರಯೋಜನ! ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಫೋನ್ ಕಾಲಮ್ ಅಕ್ಷರದ್ದು, ಕ್ವೆರಿಯಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಬರೀ ಸಂಖ್ಯೆ ಕೊಟ್ಟಿದ್ದೀರಿ. ಮೈಎಸ್‌ಕ್ಯೂಎಲ್ ಗೊಣಗದೆ ಪ್ರತಿ ಸಾಲನ್ನೂ ಸಂಖ್ಯೆ ಮಾಡಿ ಹೋಲಿಸುತ್ತದೆ, ಇಂಡೆಕ್ಸ್ ಬಿಟ್ಟುಬಿಡುತ್ತದೆ. ಎರಡು ಉದ್ಧರಣ ಚಿಹ್ನೆ ಹಾಕಿ ಹನ್ನೊಂದು ಸೆಕೆಂಡಿನ ಕೆಲಸವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಸಿ ಒಮ್ಮೆ ದೊಡ್ಡ ಹೆಸರು ತಗೊಂಡಿದ್ದೇನೆ.

ಹಾಗಂತ ಸಿಕ್ಕ ಕಾಲಮಿಗೆಲ್ಲ ಇಂಡೆಕ್ಸ್ ಹಾಕಬೇಡಿ. ಪ್ರತಿ ಹೊಸ ಸಾಲು ಬಂದಾಗಲೂ ಅವೆಲ್ಲವನ್ನೂ ತಿದ್ದಬೇಕಾಗುತ್ತದೆ.

ಮಾರ್ಚ್ 31ರ ವ್ಯಾಪಾರ ವರ್ಷದ ವರದಿಯಲ್ಲಿ ಇಲ್ಲ.

ಕಾಲಮಿನಲ್ಲಿ ಸಮಯವೂ ಇದ್ದರೆ 'ಬಿಟ್ವೀನ್ '2024-04-01' ಆಂಡ್ '2025-03-31'' ಅಂದಾಗ ಕೊನೆಯದು ಮಾರ್ಚ್ 31ರ ಮಧ್ಯರಾತ್ರಿ ಸೊನ್ನೆ ಗಂಟೆ. ಬೆಳಗ್ಗೆ ಬಾಗಿಲು ತೆರೆದ ಮೇಲಿನದ್ದೆಲ್ಲ ಹೊರಗೆ. '< '2025-04-01'' ಅಂತ ಬರೆಯಿರಿ.

ಧಕ್ಕೆಯಲ್ಲಿ (ಮೀನಿನ ಬಂದರಿನಲ್ಲಿ) ನಸುಕಿನ ಹರಾಜು ನಿನ್ನೆಯ ಲೆಕ್ಕಕ್ಕೆ ಹೋಗುತ್ತಿದೆ. ಏಳು ಗಂಟೆಯ ಮೇಲಿನದು ಸರಿಯಾಗಿದೆ.

ಸರ್ವರ್ ಕ್ಲೌಡಿಗೆ ಹೋದ ಮೇಲೆ ಶುರುವಾದ ತೊಂದರೆ ಇರಬೇಕು. ಅಲ್ಲಿ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ನಸುಕಿನ 4:30 ಅದಕ್ಕೆ ಹಿಂದಿನ ರಾತ್ರಿಯ 11. ಬೆಳಗ್ಗೆ 5:30ರ ಒಳಗಿನದ್ದೆಲ್ಲ ನಿನ್ನೆಯದಾಗುತ್ತದೆ. ಬಟ್ಟೆ ಅಂಗಡಿಗೆ ಇದು ಗೊತ್ತೇ ಆಗುವುದಿಲ್ಲ, ಮೀನಿನವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಯುಟಿಸಿಯಲ್ಲೇ ಇಡಿ, ತಪ್ಪಿಲ್ಲ. ದಿನದ ಲೆಕ್ಕ ಮಾಡುವ ಮೊದಲು +05:30ಕ್ಕೆ ಪರಿವರ್ತಿಸಿ.

ಡಿ'ಸೋಜ ಅಂತ ಹೆಸರು ಹಾಕಿದರೆ ಮಾತ್ರ ಎರರ್ ಬರುತ್ತದೆ.

ನಮ್ಮೂರಿನ ಸಾಫ್ಟ್‌ವೇರಿಗೆ ಇದೇ ಒಳ್ಳೆಯ ಪರೀಕ್ಷೆ. ಹೆಸರಿನೊಳಗಿನ ಆ ಸಣ್ಣ ಚಿಹ್ನೆಯನ್ನು ಡೇಟಾಬೇಸ್ 'ಪದ ಮುಗಿಯಿತು' ಅಂತ ಓದಿದೆ. ಅಂದರೆ ನಿಮ್ಮ ಪ್ರೋಗ್ರಾಮ್ ಜನ ಟೈಪ್ ಮಾಡಿದ್ದನ್ನು ಹಾಗೇ ಕ್ವೆರಿಗೆ ಅಂಟಿಸುತ್ತಿದೆ. ಪಾಪದ ಡಿ'ಸೋಜರಿಂದ ಎರರ್ ಮಾತ್ರ ಬಂತು. ಕೆಟ್ಟ ಬುದ್ಧಿಯವನು ಅದೇ ಕಿಂಡಿಯಿಂದ ಇಡೀ ಸದಸ್ಯರ ಪಟ್ಟಿ ಎತ್ತಿಕೊಂಡು ಹೋಗಬಹುದು. ಹೆಸರಿನಿಂದ ಚಿಹ್ನೆ ತೆಗೆಯುವುದು ಪರಿಹಾರವಲ್ಲ, ಅದು ಅವರ ಹೆಸರು. ಜನ ಟೈಪ್ ಮಾಡಿದ್ದನ್ನು ಕ್ವೆರಿಗೆ ಅಂಟಿಸದೆ ಬೇರೆಯಾಗಿಯೇ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಲು ಪ್ರೋಗ್ರಾಮ್ ಬರೆದವರಿಗೆ ಹೇಳಿ. ಇವತ್ತೇ ಹೇಳಿ.

ಬಿಲ್ ನಂಬರಿನಲ್ಲಿ 118 ಆದ ಮೇಲೆ 120 ಬಂದಿದೆ.

ಆಟೋ ಇನ್‌ಕ್ರಿಮೆಂಟ್ ಹಾಗೆಯೇ. 119 ತಗೊಂಡವನು ರೋಲ್‌ಬ್ಯಾಕ್ ಆದರೆ ಆ ನಂಬರ್ ವಾಪಸ್ ಬರುವುದಿಲ್ಲ. ಐಡಿಗೆ ಅದು ತೊಂದರೆಯೇ ಅಲ್ಲ. ಆದರೆ ಜಿಎಸ್‌ಟಿ ಬಿಲ್ಲಿಗೆ ಸಾಲಾಗಿ ಬರುವ ನಂಬರ್ ಬೇಕು, 16 ಅಕ್ಷರ ದಾಟಬಾರದು, ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. ಅದಕ್ಕೆ ಬೇರೆ ಒಂದು ಟೇಬಲಿನಲ್ಲಿ ಕೊನೆಯ ನಂಬರ್ ಇಟ್ಟು, ಬಿಲ್ ಸೇವ್ ಆಗುವ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಆ ಸಾಲನ್ನು ಲಾಕ್ ಮಾಡಿ ಒಂದು ಏರಿಸಿ.

ಡಿಸ್ಕ್ ಭರ್ತಿಯಾಗಿದೆ. ದೊಡ್ಡ ದೊಡ್ಡ ಲಾಗ್ ಫೈಲ್ ಕಾಣುತ್ತಿದೆ, ಅಳಿಸಲಾ?

ಬೇಡ! ಪೋಸ್ಟ್‌ಗ್ರೆಸ್‌ನ ಪಿಜಿ_ವಾಲ್ ಫೋಲ್ಡರಿಗೆ ಕೈ ಹಾಕಿದರೆ ಡೇಟಾಬೇಸ್ ಏಳದೇ ಹೋಗಬಹುದು. ಹೆಸರಿಗೆ ಲಾಗ್ ಆದರೂ ಅದು ಜೀವ. ಮೈಎಸ್‌ಕ್ಯೂಎಲ್ 8 ಬೈನರಿ ಲಾಗನ್ನು ತಾನಾಗಿಯೇ 30 ದಿನ ಇಟ್ಟುಕೊಳ್ಳುತ್ತದೆ. ಅವಧಿ ಕಡಿಮೆ ಮಾಡಿ, ಪರ್ಜ್ ಬೈನರಿ ಲಾಗ್ಸ್ ಆಜ್ಞೆಯಿಂದ ತೆಗೆಯಿರಿ. ಹಳೆ ಸಾಲು ಡಿಲೀಟ್ ಮಾಡಿದರೆ ಫೈಲು ಚಿಕ್ಕದಾಗುತ್ತದೆ ಅಂತ ಕಾಯಬೇಡಿ. ಒಳಗೆ ಜಾಗ ಖಾಲಿಯಾಗುತ್ತದೆ, ಹೊರಗಿನ ಗಾತ್ರ ಹಾಗೇ ಇರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯಾಕ್ಯೂಮ್ ಫುಲ್ ಅದನ್ನು ಕುಗ್ಗಿಸುತ್ತದೆ. ಆದರೆ ಅಷ್ಟು ಹೊತ್ತು ಟೇಬಲ್ ಯಾರಿಗೂ ಸಿಗುವುದಿಲ್ಲ, ಜೊತೆಗೆ ಹೊಸ ಪ್ರತಿ ಬರೆಯಲು ಜಾಗವೂ ಬೇಕು.

ಬ್ಯಾಕಪ್ ದಿನಾ ಆಗುತ್ತದೆ. ಇನ್ನೇನು ಬೇಕು?

ವಾಪಸ್ ತಂದು ನೋಡಿದ್ದೀರಾ?

ಒಂದು ಕ್ಲಿನಿಕ್ಕಿನಲ್ಲಿ ಕಂಡದ್ದು. ಪ್ರತಿ ರಾತ್ರಿ ಒಂದು ಗಂಟೆಗೆ ಬ್ಯಾಕಪ್, ಫೋಲ್ಡರಿನಲ್ಲಿ ದಿನಕ್ಕೊಂದು ಫೈಲು, ತಾರೀಕು ಸಮೇತ ನೀಟಾಗಿ. ಗಾತ್ರದ ಕಾಲಮ್ ನೋಡಿದರೆ ಐದು ತಿಂಗಳಿಂದ 0 ಕೆಬಿ. ಯಾರೋ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದರು, ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಹಳೆಯದೇ ಇತ್ತು. ಡಂಪ್ ಒಳಗೇ ಹೋಗಲಿಲ್ಲ, ಖಾಲಿ ಫೈಲು ಮಾತ್ರ ಹುಟ್ಟುತ್ತಿತ್ತು. ಡಾಕ್ಟರರಿಗೆ ಇದನ್ನು ಹೇಳುವಾಗ ಹೊರಗೆ ಸಿಡಿಲು ಬೇರೆ.

ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಮುಖ್ಯ ಟೇಬಲ್‌ಗಳ ಸಾಲು ಎಣಿಸಿ ತಾಳೆ ನೋಡಿ. ಮೈಎಸ್‌ಕ್ಯೂಎಲ್ ಡಂಪಿಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಕೊಡಿ. ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಟೇಬಲ್ ವಿಧ) ಟೇಬಲ್‌ಗಳಿಗೆ ಕೆಲಸ ನಿಲ್ಲಿಸದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಓಡುತ್ತಿರುವಾಗ ಡೇಟಾ ಫೋಲ್ಡರನ್ನೇ ಕಾಪಿ ಹೊಡೆದದ್ದು ಬ್ಯಾಕಪ್ ಅಲ್ಲ. ರೆಪ್ಲಿಕಾ (ಬದಲಾವಣೆಗಳೆಲ್ಲ ತಾನಾಗಿ ನಕಲಾಗುವ ಇನ್ನೊಂದು ಸರ್ವರ್) ಕೂಡ ಬ್ಯಾಕಪ್ ಅಲ್ಲ. ಇಲ್ಲಿ ಎಲ್ಲರೂ ಕಾಪುವಿನವರಾದರೆ ಅಲ್ಲಿಯೂ ಆಗಿರುತ್ತಾರೆ. ಒಂದು ಪ್ರತಿಯಾದರೂ ಕಟ್ಟಡದ ಹೊರಗೆ ಇರಲಿ. ಸರ್ವರಿನ ಕೆಳಗಿನ ಡ್ರಾವರಿನಲ್ಲಿ ಪೆನ್‌ಡ್ರೈವ್ ಇಟ್ಟರೆ ಮಳೆನೀರು ಎರಡಕ್ಕೂ ಒಟ್ಟಿಗೇ ಬರುತ್ತದೆ.

ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಡೇಟಾಬೇಸ್ ಹಾಳಾಗುತ್ತದಾ?

ಇನ್ನೋಡಿಬಿ, ಪೋಸ್ಟ್‌ಗ್ರೆಸ್ ಎರಡೂ ಕಮಿಟ್ ಆದದ್ದನ್ನು ಮೊದಲು ಲಾಗಿಗೆ ಬರೆಯುತ್ತವೆ. ಎದ್ದ ಮೇಲೆ ಲಾಗ್ ಓದಿ ತಾವೇ ಸರಿಮಾಡಿಕೊಳ್ಳುತ್ತವೆ. ಅವಸರಪಟ್ಟು ಮತ್ತೆ ರೀಸ್ಟಾರ್ಟ್ ಒತ್ತಬೇಡಿ, ಮುಗಿಯಲಿ. ಹಳೆ ಮೈಐಸಾಮ್ ಟೇಬಲ್ ಇದ್ದರೆ ಅದಕ್ಕೆ ಈ ರಕ್ಷಣೆ ಇಲ್ಲ, ಬೇಸಿಗೆಯಲ್ಲೇ ಇನ್ನೋಡಿಬಿಗೆ ಬದಲಿಸಿ. ವೇಗ ಬರುತ್ತದೆ ಅಂತ ಯಾರಾದರೂ ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ತಲುಪುವಂತೆ ನೋಡಿಕೊಳ್ಳುವುದು) ಆಫ್ ಮಾಡಲು ಹೇಳಿದರೆ ಕೇಳಬೇಡಿ. ಯುಪಿಎಸ್ ಬ್ಯಾಟರಿ ಜೂನ್ ಮೊದಲೇ ಪರೀಕ್ಷಿಸಿ.

ಮನೆಯಿಂದ ನೋಡಲು ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ತೆರೆದಿಡಬಹುದಾ?

ಇಲ್ಲ. ವಿಪಿಎನ್ ಅಥವಾ ಎಸ್‌ಎಸ್‌ಎಚ್ ಟನೆಲ್ ಹಾಕಿಕೊಳ್ಳಿ. ಪೋಸ್ಟ್‌ಗ್ರೆಸ್‌ನ 5432ಕ್ಕೂ ಇದೇ ಉತ್ತರ.

ನಿಮಗೆ ಫೋನ್ ಮಾಡುವಾಗ ಏನೇನು ಹೇಳಬೇಕು?

'ಸರ್ವರ್ ಸರಿ ಇಲ್ಲ ಮಾರಾಯ್ರೆ' ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ಡೇಟಾಬೇಸ್, ಯಾವ ವರ್ಷನ್, ಯಾವ ಕ್ವೆರಿ, ನಿನ್ನೆ ಸರಿ ಇತ್ತೇ, ನಡುವೆ ಏನು ಬದಲಾಯಿತು ಅಂತ ಹೇಳಿ. 'ಏನೂ ಬದಲಾಗಿಲ್ಲ' ಅನ್ನುವವರು ದಯವಿಟ್ಟು ಇನ್ನೊಮ್ಮೆ ಯೋಚಿಸಿ. ಎರರ್ ಸಂದೇಶವನ್ನು ಕಾಪಿ ಮಾಡಿ ಕಳಿಸಿ, ಇದ್ದ ಹಾಗೇ. ಕಳೆದ ತಿಂಗಳು ಒಬ್ಬರು ಮಾನಿಟರಿನ ಫೋಟೊ ತೆಗೆದು ಕಳಿಸಿದರು. ಫ್ಲ್ಯಾಶ್ ಬೆಳಕು ಸರಿಯಾಗಿ ಎರರ್ ನಂಬರಿನ ಮೇಲೆಯೇ ಬಿದ್ದಿತ್ತು.